ಕಾಸರಗೋಡಿನಲ್ಲಿ 5ಜಿ ಎಲ್ಲಿಯವರೆಗೆ ಬಂತು? ನೀವೇ ಅಳೆದು ಬರೆದಿಡುವ ಕ್ರಮ

"ಫೋನಿನಲ್ಲಿ 5ಜಿ ಅಂತ ಬರ್ತದೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರ್ತದೆ." "ತಲಪಾಡಿವರೆಗೆ ಚೆನ್ನಾಗಿತ್ತು, ಉಪ್ಪಳಕ್ಕೆ ಬರುವಾಗ ಹೋಯ್ತು." "ಕಂಪನಿಯ ಮ್ಯಾಪಿನಲ್ಲಿ ನಮ್ಮ ವಾರ್ಡಿಗೆ ಪೂರ್ತಿ ಬಣ್ಣ ಬಳಿದಿದ್ದಾರೆ, ಮನೆಯೊಳಗೆ ರೇಂಜೇ ಇಲ್ಲ." ಮತ್ತೆ ಮತ್ತೆ ಬರುವ ದೂರುಗಳು ಈ ಮೂರೇ. ಇವರೆಲ್ಲರೂ ಮೊದಲು ಮಾಡುವ ಕೆಲಸವೂ ಒಂದೇ: ಸ್ಪೀಡ್ ಟೆಸ್ಟ್ ಒತ್ತುವುದು. ಬಂದ ಅಂಕೆಯ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುತ್ತಾರೆ. ಅಲ್ಲಿಗೆ ತನಿಖೆ ಮುಗಿಯಿತು.

ಆ ಒಂದು ಅಂಕೆಯೊಳಗೆ ಫೋನು, ಪ್ಲಾನು, ಟವರು, ಬ್ಯಾಂಡು (ಸಿಗ್ನಲ್ ಹರಿಯುವ ತರಂಗಗಳ ಪಟ್ಟಿ), ಆ ಹೊತ್ತಿನ ಜನಸಂದಣಿ ಎಲ್ಲ ಕಲಸಿ ಹೋಗಿರುತ್ತವೆ. ತೊಂದರೆ ಯಾವುದರದ್ದೆಂದು ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ಈ ಕ್ರಮದಲ್ಲಿ ಸ್ಪೀಡ್ ಟೆಸ್ಟಿಗೆ ಏಳನೆಯ ಜಾಗ. ಗಡಿಯ ಜಿಲ್ಲೆಯಲ್ಲಿರುವ ನಮಗೆ ಇನ್ನೊಂದು ಹೆಜ್ಜೆ ಹೆಚ್ಚುವರಿಯಾಗಿ ಇದೆ. ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಅದು ಸಿಗುವುದಿಲ್ಲ.

ಏನೇನು ಬೇಕು

5ಜಿ ಫೋನು, ಸಾಕಷ್ಟು ಡೇಟಾ ಇರುವ ಸಿಮ್, ಟವರಿನ ವಿವರ ತೋರಿಸುವ ಒಂದು ಆ್ಯಪ್ (ನೆಟ್‌ಮಾನ್‌ಸ್ಟರ್ ಸಾಕು), ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಮೈಸ್ಪೀಡ್ ಅಥವಾ ಊಕ್ಲಾದ ಸ್ಪೀಡ್‌ಟೆಸ್ಟ್, ಒಂದು ನೋಟ್ ಪುಸ್ತಕ. ಎಕ್ಸೆಲ್ ಬಲ್ಲವರು ಅದರಲ್ಲೇ ಬರೆಯಬಹುದು. ಆದರೆ ರಸ್ತೆ ಬದಿ ನಿಂತು ಬರೆಯಲು ಪುಸ್ತಕವೇ ಅನುಕೂಲ. ನಗರ ಪೂರ್ತಿ ನೋಡುವವರು ಬೇರೆ ಕಂಪನಿಯ ಸಿಮ್ ಇರುವ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ.

1. ಮೊದಲು ಫೋನನ್ನು ಪರೀಕ್ಷಿಸಿ

ಪೆಟ್ಟಿಗೆಯ ಮೇಲೆ 5ಜಿ ಎಂದು ಬರೆದಿದ್ದರೆ ಸಾಲದು. ಯಾವ ಬ್ಯಾಂಡುಗಳಿವೆ ಎಂದು ಕಂಪನಿಯ ವಿವರಪಟ್ಟಿಯಲ್ಲಿ ನೋಡಿ. ನಮ್ಮಲ್ಲಿ ಮುಖ್ಯವಾದವು ಎರಡು: ಎನ್78, ಅಂದರೆ 3300 ಮೆಗಾಹರ್ಟ್ಸಿನಿಂದ ಮೇಲಿನದು; ಎನ್28, ಅಂದರೆ 700 ಮೆಗಾಹರ್ಟ್ಸಿನದು. ಮೊದಲನೆಯದರಲ್ಲಿ ವೇಗ ಹೆಚ್ಚು, ಆದರೆ ದೂರ ಹೋಗದು, ಗೋಡೆ ದಾಟುವಾಗ ಸೊರಗುತ್ತದೆ. ಎರಡನೆಯದರಲ್ಲಿ ವೇಗ ಸಾಧಾರಣ. ಗುಡ್ಡೆಯ ಆಚೆಗೂ ಮನೆಯ ಒಳಗೂ ತಲುಪುವುದು ಅದೇ. 700ರಲ್ಲಿ 5ಜಿ ಕೊಡುವುದು ಜಿಯೊ. ಏರ್‌ಟೆಲ್‌ನ 5ಜಿ ನಿಂತಿರುವುದು ಬಹುಪಾಲು ಎನ್78ರ ಮೇಲೆ.

ಇನ್ನೊಂದು ವ್ಯತ್ಯಾಸವನ್ನೂ ಇಲ್ಲೇ ತಿಳಿದಿರಿ. ಜಿಯೊದ 5ಜಿ ತನ್ನ ಕಾಲ ಮೇಲೆ ತಾನೇ ನಿಲ್ಲುವ ಎಸ್‌ಎ ಬಗೆಯದು. ಏರ್‌ಟೆಲ್ ಮೊಬೈಲಿಗೆ ಶುರುಮಾಡಿದ್ದು 4ಜಿಯ ಆಸರೆಯಲ್ಲಿ ಓಡುವ ಎನ್‌ಎಸ್‌ಎ. ಹಳೆಯ ಕೆಲವು 5ಜಿ ಫೋನುಗಳಲ್ಲಿ ಎಸ್‌ಎ ತೆರೆದುಕೊಳ್ಳುವುದು ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದ ಮೇಲೆಯೇ. ಸೆಟ್ಟಿಂಗಿನಲ್ಲಿ ನೆಟ್‌ವರ್ಕಿನ ಬಗೆ 5ಜಿ/4ಜಿ ಆಟೊ ಎಂದು ಇರಬೇಕು. ಎರಡು ಸಿಮ್ ಇದ್ದರೆ ಪರೀಕ್ಷಿಸುವ ಸಿಮ್‌ಗೇ ಡೇಟಾ ಕೊಡಿ. ಬ್ಯಾಟರಿ ಸೇವರ್ ಆರಿಸಿ, ಹಲವು ಫೋನುಗಳಲ್ಲಿ ಅದು ಸದ್ದಿಲ್ಲದೆ 5ಜಿಯನ್ನು ನಿಲ್ಲಿಸಿಬಿಡುತ್ತದೆ.

2. ಸಿಮ್ ಮತ್ತು ಪ್ಲಾನ್

4ಜಿ ಸಿಮ್ ಇದ್ದರೆ ಜಿಯೊ, ಏರ್‌ಟೆಲ್ ಎರಡರಲ್ಲೂ 5ಜಿಗೆ ಸಿಮ್ ಬದಲಿಸಬೇಕಾಗಿಲ್ಲ. ಪ್ಲಾನ್ ಮಾತ್ರ ನೋಡಿಕೊಳ್ಳಿ. 2024ರ ಜುಲೈಯಲ್ಲಿ ದರ ಏರಿಸಿದಾಗ ಎರಡೂ ಕಂಪನಿಗಳು ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕೂ ಮೇಲಿನ ಪ್ಲಾನುಗಳಿಗೆ ಸೀಮಿತಗೊಳಿಸಿದವು. ನಿಮ್ಮ ಪ್ಲಾನಿನಲ್ಲಿ ಏನಿದೆ ಎಂದು ಕಂಪನಿಯ ಆ್ಯಪ್ ತೆರೆದು ಓದಿ. ಅಂಗಡಿಯವರ ಬಾಯಿಮಾತು ಬೇಡ.

ಬಿಎಸ್‌ಎನ್‌ಎಲ್ ನಂಬಿರುವ ಮನೆಗಳು ಒಳನಾಡಿನಲ್ಲಿ ಬಹಳ. ಅವರಿಗೆ ವೇಗದ ನೆಟ್ ಅಂದರೆ ಸದ್ಯಕ್ಕೆ 4ಜಿ. ಅದು ಓಡುವುದು ಮುಖ್ಯವಾಗಿ 700 ಮತ್ತು 2100 ಮೆಗಾಹರ್ಟ್ಸಿನಲ್ಲಿ. ಹಳೆಯ 2ಜಿ, 3ಜಿ ಸಿಮ್ ಇಟ್ಟುಕೊಂಡು 4ಜಿ ಬರಲಿಲ್ಲ ಎಂದು ಕಾಯುತ್ತಿರುವವರು ಮೊದಲು ಸಿಮ್ ಬದಲಿಸಿಕೊಳ್ಳಬೇಕು. ಮುಂದಿನ ಹೆಜ್ಜೆಗಳು ಅವರಿಗೂ ಹಾಗೆಯೇ ಅನ್ವಯ.

3. ನೀವು ಹಿಡಿದಿರುವುದು ಯಾವ ರಾಜ್ಯದ ಟವರ್?

ನಮ್ಮವರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಕಾಸರಗೋಡು ಜಿಲ್ಲೆ ದೂರಸಂಪರ್ಕದ ಲೆಕ್ಕದಲ್ಲಿ ಕೇರಳ ಸರ್ಕಲ್. ತಲಪಾಡಿಯಾಚೆ ಕರ್ನಾಟಕ ಸರ್ಕಲ್. ಕಂಪನಿ ಒಂದೇ ಆದರೂ ಎರಡು ಕಡೆಯ ಜಾಲ ಬೇರೆ, ಯಾವ ಟವರಿಗೆ ಯಾವಾಗ 5ಜಿ ಏರಿಸಬೇಕೆಂಬ ಯೋಜನೆಯೂ ಬೇರೆ. ಕಾಲೇಜಿಗೋ ಆಸ್ಪತ್ರೆಗೋ ಮಂಗಳೂರಿಗೆ ಹೋಗಿ ಬರುವ ಮನೆಗಳಲ್ಲಿ ಅಲ್ಲಿಯ ಸಿಮ್ ಒಂದು, ಇಲ್ಲಿಯದು ಒಂದು ಇರುವುದು ಮಾಮೂಲು. ಅಲ್ಲಿಯ ಸಿಮ್ ಇಲ್ಲಿ ರೋಮಿಂಗ್. ಮಂಗಳೂರಿನಲ್ಲಿ 5ಜಿ ಬಂತು ಎಂಬ ಸುದ್ದಿಯಿಂದ ಹೊಸಂಗಡಿಯ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಪ್ರತಿ ಜಾಲಕ್ಕೂ ಒಂದು ಸಂಖ್ಯೆ ಇದೆ. ಆ್ಯಪಿನಲ್ಲಿ ಪಿಎಲ್‌ಎಂಎನ್ ಅಥವಾ ಎಂಸಿಸಿ-ಎಂಎನ್‌ಸಿ ಎಂಬ ಜಾಗದಲ್ಲಿ ಅದು ಕಾಣುತ್ತದೆ. ಏರ್‌ಟೆಲ್ ಕೇರಳ 404-95, ಏರ್‌ಟೆಲ್ ಕರ್ನಾಟಕ 404-45. ಬಿಎಸ್‌ಎನ್‌ಎಲ್ ಕೇರಳ 404-72, ಕರ್ನಾಟಕ 404-71. ಜಿಯೊ ಕೇರಳ 405-862, ಕರ್ನಾಟಕ 405-861. ಈ ಸಂಖ್ಯೆಗಳನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

ತಲಪಾಡಿ, ಚೆರ್ಕಳ–ಕಲ್ಲಡ್ಕ ರಸ್ತೆಯ ಅಡ್ಕಸ್ಥಳ, ಮುಳ್ಳೇರಿಯದಾಚೆಯ ಗಾಳಿಮುಖ, ಇಂಥ ಕಡೆಗಳಲ್ಲಿ ಎರಡೂ ರಾಜ್ಯದ ಟವರುಗಳು ಫೋನಿಗೆ ಕಾಣುತ್ತವೆ. ಕರ್ನಾಟಕದ ಸಿಮ್‌ಗೆ ತನ್ನ ಮನೆಯ ಜಾಲವೇ ಮೊದಲು. ಎದುರಿಗೇ ಕೇರಳದ ಟವರು ಗಟ್ಟಿ ಸಿಗ್ನಲ್ ಕೊಡುತ್ತಿದ್ದರೂ, ಗುಡ್ಡೆಯಾಚೆಯ ಕರ್ನಾಟಕದ ಟವರಿನ ಕ್ಷೀಣ ಸಿಗ್ನಲ್ಲನ್ನೇ ಬಿಡದೆ ಹಿಡಿದುಕೊಳ್ಳುವುದುಂಟು. ನೋಡುವವರಿಗೆ "ಇಲ್ಲಿ ನೆಟ್ ಇಲ್ಲ". ಪಕ್ಕದಲ್ಲಿ ನಿಂತವರ ಕೇರಳ ಸಿಮ್ ಅದೇ ಕಂಪನಿಯದ್ದು, ಸರಾಗವಾಗಿ ಓಡುತ್ತಿರುತ್ತದೆ. ಇದು ಟವರಿನ ತಪ್ಪೂ ಅಲ್ಲ, ಸಿಮ್ಮಿನ ತಪ್ಪೂ ಅಲ್ಲ.

ಮಾಡಬೇಕಾದದ್ದು: ಏರೋಪ್ಲೇನ್ ಮೋಡ್ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಸಂಖ್ಯೆ ನೋಡಿ. ಬದಲಾಗದಿದ್ದರೆ ನೆಟ್‌ವರ್ಕ್ ಆಯ್ಕೆಯನ್ನು ಆಟೊದಿಂದ ಕೈಯಾರೆ ಆರಿಸುವುದಕ್ಕೆ ತಿರುಗಿಸಿ ಹುಡುಕಿ. ಒಂದೇ ಕಂಪನಿಯ ಹೆಸರು ಎರಡು ಸಲ ಕಂಡರೆ ಒಂದು ಈಚಿನದು, ಇನ್ನೊಂದು ಆಚಿನದು. ಒಂದೊಂದನ್ನೇ ಹಿಡಿದು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಕೆಲಸ ಮುಗಿದ ಮೇಲೆ ಆಟೊಗೆ ಮರಳಿಸಲು ಮರೆಯಬೇಡಿ. ಮರೆತರೆ ಮರುದಿನ ಮಂಗಳೂರಿನ ಬಸ್ಸಿನಲ್ಲಿ ಕೂತು ಫೋನು ಸತ್ತಿದೆ ಎಂದುಕೊಳ್ಳುತ್ತೀರಿ.

ಯಾವ ರಾಜ್ಯದ ಟವರ್ ಎಂದು ಬರೆಯದ ಅಳತೆ ಗಡಿಯಲ್ಲಿ ಉಪಯೋಗಕ್ಕೆ ಬಾರದು. ಅಂಥ ಸಾಲನ್ನು ಹೊಡೆದುಹಾಕಿ.

4. ನಕ್ಷೆ ನೋಡಿ, ನಂಬಿಕೆಗೆ ಮಿತಿಯಿರಲಿ

ಟ್ರಾಯ್ 2024ರಲ್ಲಿ ತಂದ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ ಪ್ರತಿ ಮೊಬೈಲ್ ಕಂಪನಿಯೂ 2ಜಿ, 3ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ತೆರೆದು, 5ಜಿ ಪದರವನ್ನು ಮಾತ್ರ ಉಳಿಸಿ, ನಿಮ್ಮ ಜಾಗಕ್ಕೆ ಹಿಗ್ಗಿಸಿ. ಹೆಸರು ಹಾಕಿ ಹುಡುಕುವಾಗ ಕಾಞಂಗಾಡಿನ ಹೊಸದುರ್ಗಕ್ಕೆಂದು ಹೊಸದುರ್ಗ ಎಂದರೆ ಚಿತ್ರದುರ್ಗ ಜಿಲ್ಲೆಗೆ ಕರೆದೊಯ್ಯಬಹುದು. ಪಿನ್‌ಕೋಡ್ ಹಾಕುವುದು ಕ್ಷೇಮ: ಕಾಸರಗೋಡಿಗೆ 671121, ಕಾಞಂಗಾಡಿಗೆ 671315.

ಈ ಬಣ್ಣವೆಲ್ಲ ಹೆಚ್ಚಾಗಿ ಕಂಪ್ಯೂಟರ್ ಲೆಕ್ಕ. ಟವರಿನ ಎತ್ತರ, ಆಂಟೆನಾದ ದಿಕ್ಕು, ನೆಲದ ಏರಿಳಿತ ಹಿಡಿದು ಬಯಲಿನಲ್ಲಿ ಇಷ್ಟು ಸಿಗಬೇಕು ಎಂದು ಅಂದಾಜು ಮಾಡಿರುತ್ತಾರೆ. ನಿಮ್ಮ ಮನೆಯ ಮುರಕಲ್ಲಿನ ಗೋಡೆ, ಮೇಲಿನ ತಾರಸಿ, ಹಿಂದಿನ ದರೆ ಅದರಲ್ಲಿ ಇಲ್ಲ. ಎನ್‌ಪರ್ಫ್, ಓಪನ್‌ಸಿಗ್ನಲ್ ನಕ್ಷೆಗಳು ಜನರ ಫೋನಿನಿಂದ ಬಂದ ಅಳತೆಗಳು. ಅವು ಹೆದ್ದಾರಿ 66ರ ಉದ್ದಕ್ಕೂ ದಟ್ಟವಾಗಿರುತ್ತವೆ, ಒಳರಸ್ತೆಗಳಲ್ಲಿ ಖಾಲಿ. ಖಾಲಿ ಎಂದರೆ ಸಿಗ್ನಲ್ ಇಲ್ಲ ಎಂದಲ್ಲ, ಅಲ್ಲಿ ಯಾರೂ ಅಳೆದಿಲ್ಲ ಎಂದಷ್ಟೇ.

ಎರಡೂ ನಕ್ಷೆಗಳ ಸ್ಕ್ರೀನ್‌ಶಾಟ್ ತೆಗೆದು ತಾರೀಕು ಹಾಕಿ ಇಟ್ಟುಕೊಳ್ಳಿ. ಮುಂದಿನ ತಿಂಗಳು ನಕ್ಷೆ ಬದಲಾದಾಗ ಹಳೆಯದು ಅಲ್ಲಿ ಸಿಗುವುದಿಲ್ಲ.

5. ಮೂಲೆಯ ಅಕ್ಷರ ಬಿಡಿ, ಅಂಕೆ ಓದಿ

ಪರದೆಯ ಮೂಲೆಯಲ್ಲಿ ಕಾಣುವ 5ಜಿ ಸಾಕ್ಷಿಯಲ್ಲ. ಎನ್‌ಎಸ್‌ಎ ಜಾಲದಲ್ಲಿ ನೀವು ಹಿಡಿದಿರುವ 4ಜಿ ಟವರು "ಇಲ್ಲಿ 5ಜಿ ಸೇರಿಸಬಹುದು" ಎಂದು ಸಾರಿದರೂ ಸಾಕು, ಕೆಲವು ಫೋನುಗಳು ಆ ಗುರುತನ್ನು ತೋರಿಸಿಬಿಡುತ್ತವೆ. ನಿಜವಾದ 5ಜಿ ಸೇರಿಕೊಳ್ಳುವುದು ಡೇಟಾ ಹರಿಯತೊಡಗಿದಾಗ.

ಆಂಡ್ರಾಯ್ಡಿನಲ್ಲಿ *#*#4636#*#* ಒತ್ತಿದರೆ ಹಲವು ಫೋನುಗಳಲ್ಲಿ ಪರೀಕ್ಷೆಯ ಪುಟ ತೆರೆಯುತ್ತದೆ. ಐಫೋನಿನಲ್ಲಿ *3001#12345#* ಒತ್ತಿ ಕರೆ ಗುಂಡಿ ಅದುಮಬೇಕು. ಆಂಡ್ರಾಯ್ಡ್ ಪುಟದಲ್ಲಿ ಎನ್‌ಆರ್ ಸ್ಟೇಟ್ ಎಂಬ ಸಾಲು ಇದ್ದರೆ ನೋಡಿ: ಅಲ್ಲಿ ಕನೆಕ್ಟೆಡ್ ಎಂದಿದ್ದರೆ 5ಜಿ ಸೇರಿದೆ, ನಾಟ್ ರಿಸ್ಟ್ರಿಕ್ಟೆಡ್ ಎಂದಿದ್ದರೆ ಅನುಮತಿ ಇದೆ, 5ಜಿ ಸೇರಿಲ್ಲ. ಒಂದು ದೊಡ್ಡ ಫೈಲ್ ಡೌನ್‌ಲೋಡಿಗೆ ಹಾಕಿ, ಅದು ಇಳಿಯುತ್ತಿರುವಾಗಲೇ ಈ ಸಾಲನ್ನು ನೋಡಬೇಕು.

ಆಮೇಲೆ ಆರ್‌ಎಸ್‌ಆರ್‌ಪಿ. ಇದು ಸಿಗ್ನಲ್ಲಿನ ಬಲ ತೋರಿಸುವ ಋಣ ಸಂಖ್ಯೆ, ಸೊನ್ನೆಗೆ ಹತ್ತಿರವಾದಷ್ಟು ಒಳ್ಳೆಯದು. ಮೈನಸ್ 80ರ ಆಸುಪಾಸು ಗಟ್ಟಿ. ಮೈನಸ್ 100ಕ್ಕೆ ಕೆಲಸ ನಡೆಯುತ್ತದೆ. ಮೈನಸ್ 110 ದಾಟಿದರೆ ತೇಕುತ್ತದೆ, 120ರ ಹತ್ತಿರ ಆಗಲೋ ಈಗಲೋ. ಈ ಅಳತೆ ನಮ್ಮ ಸಾಮಾನ್ಯ ಲೆಕ್ಕದಂತಲ್ಲ: 10 ಇಳಿದರೆ ಬಲ ಹತ್ತರಲ್ಲೊಂದು ಪಾಲು, 20 ಇಳಿದರೆ ನೂರರಲ್ಲೊಂದು.

ಮನೆಯಲ್ಲಿ ಹೀಗೆ ಮಾಡಿ. ಅಂಗಳದಲ್ಲಿ ನಿಂತು ಒಂದು ನಿಮಿಷ ಅಂಕೆ ನೋಡಿ. ಜಗಲಿಗೆ ಬನ್ನಿ, ಮತ್ತೆ ಒಂದು ನಿಮಿಷ. ಚಾವಡಿ, ಒಳಕೋಣೆ, ಅಡುಗೆಮನೆ. ಎನ್78ರಲ್ಲಿ ಅಂಗಳದ ಮೈನಸ್ 92 ಒಳಕೋಣೆಗೆ ಬರುವಾಗ 112 ಆದರೆ ಆಶ್ಚರ್ಯವಿಲ್ಲ, ಕಲ್ಲಿನ ಗೋಡೆ ತನ್ನ ಪಾಲನ್ನು ತೆಗೆದುಕೊಂಡೇ ತೀರುತ್ತದೆ. ಅದೇ ಕೋಣೆಯಲ್ಲಿ ಎನ್28 ಸಿಕ್ಕರೆ ಇಳಿತ ಅಷ್ಟಿರುವುದಿಲ್ಲ. ಹಂಚಿನ ಮಾಡಿನ ಮನೆಯ ಅಟ್ಟದಲ್ಲಿ ಕೆಳಗಿಗಿಂತ ಒಳ್ಳೆಯ ಅಂಕೆ ಬರುವುದುಂಟು. ಮಳೆಗೆಂದು ಮೇಲೆ ತಗಡಿನ ಶೀಟು ಹಾಕಿದ್ದರೆ ಆ ಭಾಗ್ಯ ಇಲ್ಲ. ತೋಟ ಇಳಿದು ಕೆರೆಯ ಹತ್ತಿರವೂ ಒಮ್ಮೆ ನೋಡಿ. ಅಡಕೆ ತೋಟಗಳು ಇರುವುದೇ ತಗ್ಗಿನಲ್ಲಿ, ಟವರುಗಳು ಇರುವುದು ಗುಡ್ಡೆಯ ಮೇಲೆ ಅಥವಾ ಪೇಟೆಯಲ್ಲಿ. ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸುವವರಿಗೆ ಮನೆಯ ಅಂಕೆಗಿಂತ ಈ ಅಂಕೆ ಮುಖ್ಯ.

ಪ್ರತಿ ಜಾಗದಲ್ಲೂ ಪಿಸಿಐ ಎಂಬ ಸಂಖ್ಯೆಯನ್ನೂ ಬರೆದುಕೊಳ್ಳಿ. ಅದು ಆ ಆಂಟೆನಾದ ಗುರುತು. ಅದೇ ಜಾಗದಲ್ಲಿ ಒಂದು ದಿನ ಹೊಸ ಪಿಸಿಐ, ಹೆಚ್ಚಿನ ಬಲದೊಂದಿಗೆ ಕಂಡರೆ ಹತ್ತಿರದಲ್ಲೇ ಹೊಸದೇನೋ ಶುರುವಾಗಿದೆ. ವಿಸ್ತರಣೆ ನಡೆಯುತ್ತಿದೆ ಎನ್ನಲು ಕಂಪನಿಯ ಪ್ರಕಟಣೆಗಿಂತ ಇದು ಹೆಚ್ಚು ಭರವಸೆಯ ಗುರುತು.

6. ಟವರನ್ನು ಕಣ್ಣಾರೆ ನೋಡಿ

ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ನಿಮ್ಮ ಸುತ್ತಲ ಟವರುಗಳನ್ನು ನಕ್ಷೆಯಲ್ಲಿ ನೋಡಬಹುದು. ನಿರ್ದಿಷ್ಟ ಟವರಿನ ವಿಕಿರಣ ಅಳೆಸಬೇಕಾದರೆ 4,000 ರೂಪಾಯಿ ಕಟ್ಟಬೇಕು, ನಮ್ಮ ಕೆಲಸಕ್ಕೆ ಅದು ಬೇಡ.

ಟವರಿನ ಬುಡಕ್ಕೆ ಹೋಗಬೇಡಿ, ರಸ್ತೆಯಿಂದಲೇ ತಲೆ ಎತ್ತಿ. ಉದ್ದಕ್ಕೆ, ತೆಳ್ಳಗೆ, ಆಳೆತ್ತರಕ್ಕೆ ನಿಂತ ಆಂಟೆನಾಗಳು ಹೆಚ್ಚಾಗಿ 4ಜಿ ಮತ್ತು ಅದಕ್ಕೂ ಹಿಂದಿನವು. ಅವುಗಳ ಪಕ್ಕದಲ್ಲಿ ಗಿಡ್ಡ, ದಪ್ಪ, ಪೆಟ್ಟಿಗೆಯಂಥದ್ದು ಕಂಡರೆ ಅದು ಎನ್78ರ 5ಜಿ ಇರುವ ಸಂಭವ ಬಹಳ. ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು. ಎರಡೇ ಇದ್ದರೆ ಯಾವ ದಿಕ್ಕು ಖಾಲಿ ಎಂದು ನೋಡಿ, ನಿಮ್ಮ ಮನೆ ಆ ಕಡೆ ಇರಬಹುದು. 700ರ ಆಂಟೆನಾ ಉದ್ದದ್ದೇ, ಆದ್ದರಿಂದ ಪೆಟ್ಟಿಗೆ ಕಾಣದಿದ್ದರೆ 5ಜಿ ಇಲ್ಲವೇ ಇಲ್ಲ ಎನ್ನಲಾಗದು. ಹೊಸ ಪೆಟ್ಟಿಗೆ ಏರಿದ ದಿನವೇ ನೆಟ್ ಬರುವುದೂ ಇಲ್ಲ. ಫೈಬರ್ ಬರಬೇಕು, ಕರೆಂಟಿನ ವ್ಯವಸ್ಥೆ ಆಗಬೇಕು, ಚಾಲೂ ಮಾಡಬೇಕು. ಫೋಟೊ ತೆಗೆದು ತಾರೀಕು ಬರೆದು ಕಾಯಿರಿ.

7. ಈಗ ಸ್ಪೀಡ್ ಟೆಸ್ಟ್

ಒಂದು ಎಚ್ಚರಿಕೆ: 300 ಎಂಬಿಪಿಎಸ್ ವೇಗದಲ್ಲಿ 15 ಸೆಕೆಂಡ್ ಡೌನ್‌ಲೋಡ್ ಅಂದರೆ ಸುಮಾರು 560 ಎಂಬಿ ಖರ್ಚು. ಮಿತಿಯಿರುವ ಪ್ಲಾನಿನಲ್ಲಿ ಎರಡು ಮೂರು ಟೆಸ್ಟಿಗೆ ದಿನದ ಡೇಟಾ ಮುಗಿಯುತ್ತದೆ. ಆಮೇಲೆ ಕಂಪನಿ ವೇಗ ಇಳಿಸುತ್ತದೆ. ನಾಲ್ಕನೆಯ ಟೆಸ್ಟಿನ ಅಂಕೆ ನೋಡಿ "ನೆಟ್ ಹಾಳು" ಎನ್ನುವವರಲ್ಲಿ ಎಷ್ಟೋ ಮಂದಿ ತಾವೇ ಮುಗಿಸಿದ ಡೇಟಾದ ಬಗ್ಗೆ ದೂರುತ್ತಿರುತ್ತಾರೆ.

ವೈಫೈ, ವಿಪಿಎನ್ ಆರಿಸಿ. ಸರ್ವರ್ ಒಂದನ್ನೇ ಇಟ್ಟುಕೊಳ್ಳಿ, ಒಮ್ಮೆ ಕೊಚ್ಚಿ ಒಮ್ಮೆ ಬೆಂಗಳೂರು ಆದರೆ ಹೋಲಿಕೆ ಕೆಡುತ್ತದೆ. ನಿಂತ ಜಾಗದಲ್ಲಿ ಎರಡು ಸಲ ಮಾಡಿ, ಎರಡನ್ನೂ ಬರೆಯಿರಿ, ಹೆಚ್ಚು ಬಂದದ್ದನ್ನು ಮಾತ್ರ ಅಲ್ಲ. ಡೌನ್‌ಲೋಡಿನ ಜೊತೆ ಅಪ್‌ಲೋಡ್ ಮತ್ತು ಪಿಂಗ್ (ಉತ್ತರ ಬರಲು ಹಿಡಿಯುವ ಹೊತ್ತು) ಕೂಡ ಬೇಕು. ಕರೆಯಲ್ಲಿರುವಾಗ ಟೆಸ್ಟ್ ಮಾಡಬೇಡಿ. ಹಲವು ಕಡೆ ಕರೆ ಬಂದೊಡನೆ ಫೋನು 4ಜಿಗೆ ಇಳಿಯುತ್ತದೆ.

ಬೆಳಿಗ್ಗೆ ಆರಕ್ಕೆ ಮಾಡಿದ ಟೆಸ್ಟಿನಿಂದ ಟವರಿನ ಸಾಮರ್ಥ್ಯ ತಿಳಿಯುತ್ತದೆ, ರಾತ್ರಿ ಒಂಬತ್ತಕ್ಕೆ ಮಾಡಿದ್ದರಿಂದ ನಿಮ್ಮ ಪಾಲಿಗೆ ಎಷ್ಟು ಉಳಿದಿದೆ ಎಂಬುದು. ಆರ್‌ಎಸ್‌ಆರ್‌ಪಿ ಎರಡೂ ಹೊತ್ತು ಒಂದೇ ಇದ್ದು ವೇಗ ಮಾತ್ರ ಕುಸಿದರೆ ಅದು ದಟ್ಟಣೆ. ಆರ್‌ಎಸ್‌ಆರ್‌ಪಿಯೇ ಇಳಿದಿದ್ದರೆ ಬೇರೆ ಟವರಿಗೆ ಹೋಗಿದ್ದೀರಿ ಅಥವಾ ಹತ್ತಿರದ್ದು ಆರಿದೆ. ಈ ಒಂದು ವ್ಯತ್ಯಾಸ ಹೇಳಲು ಬಂದರೆ ನಿಮ್ಮ ದೂರನ್ನು ತಳ್ಳಿಹಾಕುವುದು ಕಷ್ಟ.

8. ಪೇಟೆಯ ಪಟ್ಟಿ: ಒಂದೇ ದಾರಿ, ಒಂದೇ ನಿಲುಗಡೆಗಳು

ನಗರದಲ್ಲಿ ವಿಸ್ತರಣೆಯನ್ನು ಹಿಂಬಾಲಿಸಬೇಕಾದರೆ ಜಾಗಗಳನ್ನು ಮೊದಲೇ ಗೊತ್ತುಮಾಡಿ. ಹೆದ್ದಾರಿಯ ಬದಿಗೆ ಕರಂದಕ್ಕಾಡು, ಹೊಸ ಬಸ್ ನಿಲ್ದಾಣ, ನುಳ್ಳಿಪ್ಪಾಡಿ, ಅಣಂಗೂರು, ವಿದ್ಯಾನಗರ, ಚೆರ್ಕಳ. ಒಳಗಿನ ದಾರಿಗೆ ಹಳೆ ಬಸ್ ನಿಲ್ದಾಣ, ಬ್ಯಾಂಕ್ ರೋಡ್, ರೈಲು ನಿಲ್ದಾಣ, ತಳಂಗರೆ. ಪೇಟೆಯಿಂದ ಹೊರಗೆ ಒಂದು ಮಧೂರು, ಒಂದು ಸೀತಾಂಗೋಳಿ. ಇಷ್ಟು ಸಾಕು. ನಲವತ್ತು ಜಾಗ ಬರೆದಿಟ್ಟುಕೊಂಡವರು ಎರಡನೆಯ ತಿಂಗಳಿಗೆ ಕೈಬಿಡುತ್ತಾರೆ.

"ಹೊಸ ಬಸ್ ನಿಲ್ದಾಣ" ಎಂದಷ್ಟೇ ಬರೆದರೆ ಸಾಲದು. ಮೇಲ್ಸೇತುವೆಯ ಮೇಲೋ ಕೆಳಗೋ, ಕಟ್ಟಡದ ಯಾವ ಬದಿಗೋ, ಮುಂದಿನ ಸಲ ಬೇರೆಯವರು ಹೋದರೂ ಅದೇ ಜಾಗದಲ್ಲಿ ನಿಲ್ಲುವ ಹಾಗೆ ಬರೆಯಿರಿ. ಕಾಂಕ್ರೀಟಿನ ಕೆಳಗಿನ ಅಂಕೆಯನ್ನು ಮೇಲಿನ ಅಂಕೆಯ ಜೊತೆ ಹೋಲಿಸಿ "ಹೋದ ತಿಂಗಳಿಗಿಂತ ಕಡಿಮೆಯಾಯಿತು" ಎಂದರೆ ಅರ್ಥವಿಲ್ಲ.

ಒಂದು ಸಾಲಿನಲ್ಲಿ ಬರಬೇಕಾದದ್ದು: ತಾರೀಕು, ಹೊತ್ತು, ಜಾಗ, ಕಂಪನಿ, ಪಿಎಲ್‌ಎಂಎನ್, ಬ್ಯಾಂಡ್, ಪಿಸಿಐ, ಆರ್‌ಎಸ್‌ಆರ್‌ಪಿ, ಡೌನ್‌ಲೋಡ್, ಅಪ್‌ಲೋಡ್, ಪಿಂಗ್, ಕರೆಂಟ್ ಇತ್ತೇ. ಕೊನೆಯದು ನಗಲು ಬರೆದದ್ದಲ್ಲ. ಆಟಿಯ ಮಳೆಯಲ್ಲಿ ನೆಟ್ ಹೋದಾಗ ಎಲ್ಲರೂ ಮಳೆಯನ್ನು ಬೈಯುತ್ತಾರೆ. ಈ ಬ್ಯಾಂಡುಗಳಲ್ಲಿ ಮಳೆಹನಿ ಮಾಡುವ ಹಾನಿ ಅಲ್ಪ. ಗಾಳಿಗೆ ಮರ ಬಿದ್ದು ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದದ್ದೇ ಹೆಚ್ಚಿನ ಸಲ ಕಾರಣ. ಫೈಬರ್ ಇಲ್ಲದೆ ಮೈಕ್ರೋವೇವ್ ಡಿಶ್ಶಿನಿಂದ ಜೋಡಿಸಿದ ಟವರಾದರೆ ಜಡಿಮಳೆ ಆ ಕೊಂಡಿಯನ್ನು ಕೆಡಿಸಬಹುದು.

ತಿಂಗಳಿಗೊಮ್ಮೆ ಸುತ್ತಿ, ವಾರದ ಒಂದೇ ದಿನ ಇಟ್ಟುಕೊಳ್ಳಿ. ಮಧೂರಿನಲ್ಲಿ ಉತ್ಸವದ ದಿನ ಅಳೆದದ್ದು ಉತ್ಸವದ ಅಳತೆ.

9. ದೂರು ಎಲ್ಲಿಗೆ, ಹೇಗೆ

ಮೊದಲು ಆ ಕಂಪನಿಯ ಸಿಮ್ಮಿನಿಂದಲೇ 198ಕ್ಕೆ ಕರೆ ಮಾಡಿ ಅಥವಾ ಆ್ಯಪಿನಲ್ಲಿ ದೂರು ದಾಖಲಿಸಿ. ದೂರಿನ ಸಂಖ್ಯೆ ಬರೆದುಕೊಳ್ಳದೆ ಫೋನ್ ಇಡಬೇಡಿ. ತೃಪ್ತಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಅಲ್ಲೂ ಆಗದಿದ್ದರೆ ಕೇಂದ್ರದ ದೂರು ಜಾಲತಾಣ ಸಿಪಿಗ್ರಾಮ್ಸ್ ಮೂಲಕ ದೂರಸಂಪರ್ಕ ಇಲಾಖೆ. ಒಬ್ಬೊಬ್ಬರ ದೂರನ್ನು ಟ್ರಾಯ್ ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ತಿಂಗಳುಗಟ್ಟಲೆ ಕಾಯಬೇಡಿ.

ಕೇರಳದ ಟವರಿನ ದೂರನ್ನು ಕೇರಳದ ಸಿಮ್ಮಿನಿಂದಲೇ ಕೊಡಿ. ಕರ್ನಾಟಕದ ಸಿಮ್ಮಿನಿಂದ ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ ನಿಜ, ಆದರೆ "ನೀವು ರೋಮಿಂಗಿನಲ್ಲಿದ್ದೀರಿ" ಎಂದು ಕಡತ ಮುಚ್ಚುವ ದಾರಿಯೂ ಅವರಿಗೆ ಸಿಗುತ್ತದೆ. ಮಲಯಾಳ ಬಾರದ ಹಿರಿಯರಿದ್ದರೆ ಮನೆಯ ಮಕ್ಕಳು ಬರೆದುಕೊಡಲಿ. ಜಾಗ, ಪಿನ್‌ಕೋಡ್, ಪಿಎಲ್‌ಎಂಎನ್, ಪಿಸಿಐ, ಮೂರು ದಿನದ ಬೆಳಿಗ್ಗೆ ಮತ್ತು ರಾತ್ರಿಯ ಅಂಕೆ. "ನೆಟ್ ಸ್ಲೋ" ಎಂಬ ಎರಡು ಪದದ ದೂರಿಗೆ "ಫೋನ್ ರೀಸ್ಟಾರ್ಟ್ ಮಾಡಿ" ಎಂಬುದೇ ಉತ್ತರ.

ಎಚ್ಚರ ವಹಿಸಬೇಕಾದ ಸಂದರ್ಭಗಳು

"5ಜಿ ಸಿಮ್ ಅಪ್‌ಗ್ರೇಡ್ ಮಾಡ್ತೇವೆ, ಒಟಿಪಿ ಹೇಳಿ" ಎಂಬ ಕರೆ ಬಂದರೆ ಇಟ್ಟುಬಿಡಿ. ಎರಡನೆಯ ಹೆಜ್ಜೆಯಲ್ಲೇ ನೋಡಿದಿರಲ್ಲ, ಅಂಥ ಅಪ್‌ಗ್ರೇಡ್ ಬೇಕಾಗಿಯೇ ಇಲ್ಲ. ವಾಟ್ಸಾಪಿನಲ್ಲಿ ಬರುವ "5ಜಿ ಆಕ್ಟಿವೇಶನ್" ಎಪಿಕೆ ಫೈಲನ್ನು ತೆರೆಯಬೇಡಿ.

ಗುಡ್ಡೆಯ ಮೇಲೆ ಜಾಗ ಇರುವವರಿಗೆ ಬರುವ ಕರೆ ಇನ್ನೊಂದು ಬಗೆಯದು: ನಿಮ್ಮ ಜಾಗದಲ್ಲಿ ಟವರ್ ಹಾಕುತ್ತೇವೆ, ತಿಂಗಳಿಗೆ ಇಷ್ಟು ಬಾಡಿಗೆ, ಮೊದಲು ನೋಂದಣಿ ಶುಲ್ಕ ಕಳಿಸಿ. ಜೊತೆಗೆ ಟ್ರಾಯ್ ಅಥವಾ ಇಲಾಖೆಯ ಮೊಹರು ಇರುವ ನಿರಾಕ್ಷೇಪಣಾ ಪತ್ರ. ಟ್ರಾಯ್ ಅಂಥ ಪತ್ರ ಕೊಡುವುದೇ ಇಲ್ಲ, ಟವರಿಗೆಂದು ಜಾಗದ ಯಜಮಾನರಿಂದ ಮುಂಗಡ ಕೇಳುವುದು ಮೋಸ. ನಿಜವಾಗಿ ಟವರ್ ಬರುವುದಾದರೆ ಹಣ ಅವರ ಕಡೆಯಿಂದ ನಿಮಗೆ ಬರಬೇಕು, ಪಂಚಾಯತಿನಲ್ಲೋ ನಗರಸಭೆಯಲ್ಲೋ ಪರವಾನಗಿಯ ಅರ್ಜಿ ಇರಬೇಕು. ಕಾರ್ಯದರ್ಶಿಯವರ ಕಚೇರಿಗೆ ಹೋಗಿ ಅರ್ಜಿ ಬಂದಿದೆಯೇ ಎಂದು ಕೇಳಿ, ಆಮೇಲೆ ಮಾತು ಮುಂದುವರಿಸಿ.